ಖಾಲಿ ಕ್ಯಾಪ್ಚರ್ ಕೂಡ ಒಂದು ಉತ್ತರ

"ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಈ ವೈಫೈ ಯಾಕೆ ಹಿಂಗಾಡ್ತಿದೆ ಸ್ವಲ್ಪ ನೋಡು." ರಜೆಗೆ ಊರಿಗೆ ಹೋಗಿ ಈ ಮಾತು ಕೇಳದೆ ವಾಪಸ್ ಬಂದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಿಕ್ಕಿಲ್ಲ. ಬ್ರ್ಯಾಂಚ್ ಸಿವಿಲ್ ಆಗಿರಲಿ, ಮೆಕ್ಯಾನಿಕಲ್ ಆಗಿರಲಿ, ಮನೆಯವರ ಲೆಕ್ಕದಲ್ಲಿ ನಾವೆಲ್ಲ ವೈಫೈ ರಿಪೇರಿಯವರು. ನಾವು ಮಾಡೋದೂ ಅಷ್ಟರಲ್ಲೇ ಇದೆ. ರೂಟರ್ ಆಫ್ ಮಾಡಿ ಆನ್ ಮಾಡ್ತೀವಿ, ಸ್ಪೀಡ್ ಟೆಸ್ಟ್ ಓಡಿಸ್ತೀವಿ, ಕೊನೆಗೆ ಕಸ್ಟಮರ್ ಕೇರ್‌ಗೆ ಫೋನ್ ಹಚ್ತೀವಿ. ಅವರು "ನಮ್ಮ ಕಡೆಯಿಂದ ಎಲ್ಲ ಸರಿ ಇದೆ ಸರ್" ಅಂತಾರೆ. ಅದು ಸುಳ್ಳು ಅನ್ನೋಕೂ ನಮ್ಮ ಹತ್ರ ಏನೂ ಇರಲ್ಲ, ನಿಜ ಅಂತ ಒಪ್ಪೋಕೂ ಏನೂ ಇರಲ್ಲ.

ನನ್ನ ವಾದ ಇಷ್ಟು: ಐದನೇ ಸೆಮಿಸ್ಟರ್‌ನ ನೆಟ್‌ವರ್ಕ್ ಲ್ಯಾಬ್‌ಗೆ ಕಾಯದೆ, ಪ್ರತಿಯೊಬ್ಬರೂ ತಮ್ಮ ಮನೆ ನೆಟ್‌ವರ್ಕ್‌ನಲ್ಲಿ ಒಮ್ಮೆ ಪ್ಯಾಕೆಟ್ ಕ್ಯಾಪ್ಚರ್ ಮಾಡಬೇಕು. ಅದು ಅಂದುಕೊಂಡ ಹಾಗೆ ಬರದಿದ್ದಾಗ ಯಾಕೆ ಬರಲಿಲ್ಲ ಅಂತ ಹುಡುಕಬೇಕು. ಈ ಎರಡನೇ ಕೆಲಸದಲ್ಲೇ ನಿಜವಾದ ಪಾಠ ಇರೋದು.

ಸಾಧನಗಳಿಗೆ ದುಡ್ಡು ಬೇಕಿಲ್ಲ. ಟಿಸಿಪಿಡಂಪ್ 1988ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಲ್ಲಿ ಹುಟ್ಟಿದ್ದು. ಜೆರಾಲ್ಡ್ ಕೋಂಬ್ಸ್ 1998ರಲ್ಲಿ ಹೊರತಂದ ಈಥರಿಯಲ್, 2006ರಲ್ಲಿ ಹೆಸರು ಬದಲಿಸಿಕೊಂಡು ವೈರ್‌ಶಾರ್ಕ್ ಆಯಿತು. ಎರಡೂ ಉಚಿತ.

ನಮ್ಮ ಮನೆ ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಲ್ಲಿ. ಒಂದು ಫೈಬರ್ ಲೈನು, ಒಂದು ರೂಟರು, ಒಂದು ಟಿವಿ, ಮೂರು ಫೋನು, ನನ್ನ ಲ್ಯಾಪ್‌ಟಾಪು. ಸಂಜೆ ಟಿವಿಯಲ್ಲಿ ವಿಡಿಯೋ ನಿಂತು ನಿಂತು ಬರುತ್ತಿತ್ತು. ಲ್ಯಾಪ್‌ಟಾಪ್‌ನಲ್ಲಿ ವೈರ್‌ಶಾರ್ಕ್ ತೆರೆದರೆ ಸಾಲುಸಾಲಾಗಿ ಪ್ಯಾಕೆಟ್‌ಗಳು, ಆದ್ರೆ ಬಹುತೇಕ ಎಲ್ಲ ಲ್ಯಾಪ್‌ಟಾಪಿನವೇ. ಟಿವಿಯದ್ದು ಅಂತ ಸಿಕ್ಕಿದ್ದು, ಎಲ್ಲರಿಗೂ ಕೇಳುವಂತೆ ಅದು ಕೂಗುವ ನಾಲ್ಕಾರು ಬ್ರಾಡ್‌ಕಾಸ್ಟ್ ಮಾತ್ರ. ಸೆಟ್ಟಿಂಗ್‌ನಲ್ಲಿ ಪ್ರಾಮಿಸ್ಕ್ಯುವಸ್ ಮೋಡ್‌ಗೆ ಟಿಕ್ ಇದ್ದೇ ಇತ್ತು. ಬಹಳ ಜನ ಇಲ್ಲಿಗೇ "ಸಾಫ್ಟ್‌ವೇರ್ ಸರಿ ಇಲ್ಲ" ಅಂತ ಕೈಬಿಡ್ತಾರೆ.

ನಮ್ಮ ಕಡೆ ಬೋರ್‌ವೆಲ್ ನೀರು ತೊಟ್ಟಿಗೆ ಬರದಿದ್ದರೆ ಯಾರೂ ನೇರವಾಗಿ ಮೋಟಾರ್ ಮೇಲೆತ್ತಲ್ಲ. ತ್ರೀ ಫೇಸ್ ಕರೆಂಟ್ ಇದೆಯಾ, ಸ್ಟಾರ್ಟರ್ ಟ್ರಿಪ್ ಆಗಿದೆಯಾ, ಬೋರ್ ಬಾಯಲ್ಲಿ ನೀರು ಬರ್ತಿದೆಯಾ, ಪೈಪ್ ದಾರಿಯಲ್ಲಿ ಎಲ್ಲಾದರೂ ನೆಲ ಒದ್ದೆ ಆಗಿದೆಯಾ ಅಂತ ನೋಡ್ಕೊಂಡು ಹೋಗ್ತಾರೆ. ಎಲ್ಲಿ ತನಕ ಬಂದಿದೆ, ಎಲ್ಲಿಂದ ಮುಂದಕ್ಕೆ ಬಂದಿಲ್ಲ? ಇಡೀ ವಿದ್ಯೆ ಈ ಒಂದು ಪ್ರಶ್ನೆಯಲ್ಲಿದೆ. ಪ್ಯಾಕೆಟ್‌ಗೂ ಇದೇ ಪ್ರಶ್ನೆ. ಜೊತೆಗೆ ಇನ್ನೊಂದು: ನೋಡುತ್ತಿರುವ ನಾನು ಆ ದಾರಿಯಲ್ಲಿ ಎಲ್ಲಿ ನಿಂತಿದ್ದೀನಿ?

ಪ್ರಾಮಿಸ್ಕ್ಯುವಸ್ ಮೋಡ್ ಅಂದ್ರೆ ಕಾರ್ಡ್ ತನ್ನ ಬಾಗಿಲಿಗೆ ಬಂದದ್ದನ್ನು "ಇದು ನನ್ನದಲ್ಲ" ಅಂತ ಬಿಸಾಡಲ್ಲ, ಅಷ್ಟೇ. ಬಾಗಿಲಿಗೇ ಬರದಿದ್ದನ್ನು ಅದು ಎಳ್ಕೊಂಡು ಬರಲ್ಲ. ಕೇಬಲ್ ಹಾಕಿದರೆ ಸ್ವಿಚ್ ಯಾವ ಮ್ಯಾಕ್ ವಿಳಾಸ ಯಾವ ಪೋರ್ಟ್‌ನಲ್ಲಿದೆ ಅಂತ ಕಲಿತು, ಟಿವಿಯ ಫ್ರೇಮನ್ನು ಟಿವಿಯ ಪೋರ್ಟ್‌ಗೆ ಮಾತ್ರ ಕಳಿಸುತ್ತೆ. ವೈಫೈನಲ್ಲಿ ಸಿಗ್ನಲ್ ಗಾಳಿಯಲ್ಲಿ ಎಲ್ಲರಿಗೂ ಸಿಗುತ್ತೆ ನಿಜ, ಆದ್ರೆ ಒಂದೊಂದು ಸಾಧನಕ್ಕೂ ಒಂದೊಂದು ಕೀ. ಗಾಳಿಯಲ್ಲಿದ್ದದ್ದನ್ನು ಹಾಗೇ ಹಿಡಿಯೋಕೆ ಮಾನಿಟರ್ ಮೋಡ್ ಬೇಕು. ವಿಂಡೋಸ್ ಲ್ಯಾಪ್‌ಟಾಪ್‌ಗಳ ಎಷ್ಟೋ ಕಾರ್ಡ್‌ಗಳಲ್ಲಿ ಅದು ಕೆಲಸ ಮಾಡಲ್ಲ. ಮಾಡಿದರೂ, ಡಬ್ಲ್ಯೂಪಿಎ2 ಆದರೆ ಪಾಸ್‌ವರ್ಡ್ ಜೊತೆಗೆ ಟಿವಿ ಕನೆಕ್ಟ್ ಆಗುವಾಗಿನ ಹ್ಯಾಂಡ್‌ಶೇಕ್ ಕೂಡ ಸಿಕ್ಕಿರಬೇಕು. ಹಾಗಾಗಿ ಮೊದಲು ಕ್ಯಾಪ್ಚರ್ ಶುರು ಮಾಡಿ, ಆಮೇಲೆ ಟಿವಿಯನ್ನು ಮತ್ತೆ ಕನೆಕ್ಟ್ ಮಾಡಬೇಕು. ಡಬ್ಲ್ಯೂಪಿಎ3 ಆದರೆ ಪಾಸ್‌ವರ್ಡ್ ಗೊತ್ತಿದ್ದರೂ ಸಾಲದು.

ಸುಲಭದ ದಾರಿ ಅಂದ್ರೆ ನಾವೇ ದಾರಿಯಲ್ಲಿ ಹೋಗಿ ನಿಲ್ಲೋದು. ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ಉದ್ದದ ಲ್ಯಾನ್ ಕೇಬಲ್ ಎಳೆದು, ವಿಂಡೋಸ್‌ನ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ, ಟಿವಿಯನ್ನು ಅದಕ್ಕೆ ಸೇರಿಸಿದರೆ ಟಿವಿಯ ಪ್ರತಿ ಪ್ಯಾಕೆಟ್ಟೂ ಲ್ಯಾಪ್‌ಟಾಪ್ ದಾಟಿಕೊಂಡೇ ಹೋಗಬೇಕು. ಆಂಡ್ರಾಯ್ಡ್ ಫೋನ್‌ಗಾದರೆ ಪಿಕ್ಯಾಪ್‌ಡ್ರಾಯ್ಡ್ ಆ್ಯಪ್ ಇದೆ, ರೂಟ್ ಮಾಡೋದೂ ಬೇಡ.

ನಮ್ಮ ಮನೆಯಲ್ಲಿ ಹೀಗೆ ಮಾಡಿದ ಕೂಡಲೇ ವಿಡಿಯೋ ನಿಲ್ಲೋದೇ ಬಿಟ್ಟುಬಿಟ್ಟಿತು! ಅದೇ ಲೈನು, ಅದೇ ರೂಟರು. ಬದಲಾಗಿದ್ದು ರೂಟರ್‌ಗೂ ಟಿವಿಗೂ ನಡುವಿನ ದಾರಿ ಮಾತ್ರ. ಆ ಮಧ್ಯೆ ಇದ್ದದ್ದು ಹಳೇ ಕಾಲದ ದಪ್ಪ ಮಣ್ಣಿನ ಗೋಡೆ. ಅಂದರೆ "ನಮ್ಮ ಕಡೆಯಿಂದ ಎಲ್ಲ ಸರಿ ಇದೆ" ಅಂದಿದ್ದು ಈ ಸಲ ನಿಜವೇ ಆಗಿತ್ತು. ಈಗ ಟಿವಿಗೆ ಕೇಬಲ್ ಹಾಕಿದ್ದೀವಿ. ತಪ್ಪು ಯಾರದ್ದು ಅಂತ ತೋರಿಸೋದಷ್ಟೇ ಅಲ್ಲ, ಯಾರದ್ದಲ್ಲ ಅಂತ ತೋರಿಸೋದೂ ಸಾಕ್ಷಿಯ ಕೆಲಸವೇ.

ಒಂದು ಎಚ್ಚರಿಕೆ. ಹೊರಗೆ ಹೋಗುವ ಪ್ಯಾಕೆಟ್‌ಗಳಲ್ಲಿ ಚೆಕ್‌ಸಮ್ ತಪ್ಪು ಅಂತ ಕಂಡರೆ ಗಾಬರಿ ಬೇಡ. ಅದನ್ನು ಲೆಕ್ಕ ಹಾಕೋದು ನೆಟ್‌ವರ್ಕ್ ಕಾರ್ಡು, ವೈರ್‌ಶಾರ್ಕ್ ನೋಡೋದು ಅದಕ್ಕೂ ಮುಂಚೆ. 1500 ಬೈಟ್ ಮಿತಿ ಮೀರಿದ ದೊಡ್ಡ ಪ್ಯಾಕೆಟ್ ಕಂಡರೂ ಸಾಮಾನ್ಯವಾಗಿ ಇದೇ ಕಥೆ. ನಿಂತ ಜಾಗ ಮರೆತರೆ, ಇರೋದು ಕಾಣಲ್ಲ, ಇಲ್ಲದ ದೋಷ ಕಾಣುತ್ತೆ.

ವಿಟಿಯು ಲ್ಯಾಬ್‌ನಲ್ಲಿ ಸೀನಿಯರ್‌ಗಳು ಎನ್‌ಎಸ್2 ಸಿಮ್ಯುಲೇಟರ್‌ನಲ್ಲಿ ಮೂರು ನೋಡ್ ಹಾಕಿ, ಕ್ಯೂ ಸೈಜ್ ಇಟ್ಟು, ಬ್ಯಾಂಡ್‌ವಿಡ್ತ್ ಬದಲಿಸಿ, ಎಷ್ಟು ಪ್ಯಾಕೆಟ್ ಬಿದ್ದುಹೋದವು ಅಂತ ಎಣಿಸ್ತಾರೆ. ಅದು ಬೇಡ ಅಂತಲ್ಲ. ಆದ್ರೆ ಅಲ್ಲಿ ಎಲ್ಲ ನೋಡ್‌ಗಳೂ ಒಟ್ಟಿಗೇ ಕಾಣುತ್ತವೆ, ಮೇಲಿಂದ ದೇವರು ನೋಡಿದ ಹಾಗೆ. ನಿಜವಾದ ನೆಟ್‌ವರ್ಕ್‌ನಲ್ಲಿ ಯಾರಿಗೂ ಆ ಜಾಗ ಸಿಗಲ್ಲ. ಒಂದೇ ಒಂದು ಲ್ಯಾಬ್ ಅವಧಿಯಲ್ಲಾದರೂ ರೂಟರ್, ಹಳೇ ಫೋನು, ಬೇಕಂತಲೇ ಕೆಡಿಸಿದ ಒಂದು ಸೆಟ್ಟಿಂಗ್ ಕೊಟ್ಟು "ಹುಡುಕಿ" ಅಂದರೆ ಸಾಕು.

ಇನ್ನು ಮನೆಯವರ ವಿಷಯ. ಎಚ್‌ಟಿಟಿಪಿಎಸ್ ಇದ್ದರೂ, ಯಾರು ಯಾವ ಸೈಟಿಗೆ ಹೋದರು ಅನ್ನೋದು ಡಿಎನ್‌ಎಸ್‌ನಲ್ಲಿ ಬಹಳ ಸಲ ಕಾಣುತ್ತೆ. ತಂಗಿಯ ಫೋನು, ಅಪ್ಪನ ಫೋನು ನಮ್ಮ ಲ್ಯಾಬ್ ಅಲ್ಲ. ಹೇಳಿ ಮಾಡಿ, ಬೇಕಾದ ಸಾಧನ ಒಂದನ್ನೇ ಹಿಡಿಯಿರಿ, ಕೆಲಸ ಆದಮೇಲೆ ಫೈಲ್ ಅಳಿಸಿ. ಹಾಸ್ಟೆಲ್, ಪಿಜಿ ವೈಫೈನಲ್ಲಿ ಬೇರೆಯವರದ್ದನ್ನು ಹಿಡಿಯೋದು ಬೇಡವೇ ಬೇಡ. ಅನುಮತಿಯಿಲ್ಲದೆ ಬೇರೆಯವರ ನೆಟ್‌ವರ್ಕ್‌ಗೆ ಕೈ ಹಾಕಿದರೆ ಐಟಿ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್‌ಗಳಿವೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಕೇಸಿನಲ್ಲೇ.

"ಇಷ್ಟೆಲ್ಲ ಯಾಕೆ, ಸ್ಪೀಡ್ ಟೆಸ್ಟ್ ಸಾಲದಾ?" ಅಂತ ಕೇಳಬಹುದು. ಸಾಲದು. ಅದು ಎಷ್ಟು ಅಂತ ಹೇಳುತ್ತೆ, ಎಲ್ಲಿ ಅಂತ ಹೇಳಲ್ಲ. ಕ್ಯಾಪ್ಚರ್ ಮಾಡ್ತಾ ರೂಟರ್‌ಗೆ ಪಿಂಗ್ ಕೊಡಿ. ಅಲ್ಲೇ ತಪ್ಪಿದರೆ ತೊಂದರೆ ಬಹುಶಃ ಮನೆಯೊಳಗೆ. ಪಿಂಗ್ ಸರಿಯಿದ್ದು ಡಿಎನ್‌ಎಸ್ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ, ಡಿಎನ್‌ಎಸ್ ಅನ್ನು 8.8.8.8ಕ್ಕೆ ಬದಲಿಸಿ ನೋಡಿ. ಹೆಸರಿಗೆ ಉತ್ತರ ಬಂದು, ಆಮೇಲೆ ಒಂದೇ ಸಿನ್ ಪ್ಯಾಕೆಟ್ ಮತ್ತೆ ಮತ್ತೆ ಹೋಗ್ತಿದ್ದರೆ ಬೇರೆ ಸೈಟ್ ತೆರೆಯಿರಿ. ಎಲ್ಲ ಸೈಟಿಗೂ ಹೀಗೇ ಆದರೆ ಲೈನ್ ಮೇಲೆ ಅನುಮಾನ ಪಡಬಹುದು.

ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ತಂಗಿ ತಮ್ಮಂದಿರ ಆನ್‌ಲೈನ್ ಕ್ಲಾಸು, ಎಲ್ಲ ಈಗ ಆ ಒಂದು ಲೈನಿನ ಮೇಲೆ ನಿಂತಿದೆ. ಕೊನೇ ದಿನ ಅದು ಕೈಕೊಟ್ಟಾಗ "ನೆಟ್ ಸ್ಲೋ ಸರ್" ಅನ್ನೋ ದೂರಿಗೆ ತೂಕ ಇಲ್ಲ. "ಸಂಜೆ 7:40ರಿಂದ ರೂಟರ್ ತನಕ ಸರಿ ಇದೆ, ಅಲ್ಲಿಂದಾಚೆ ಯಾವ ಉತ್ತರವೂ ವಾಪಸ್ ಬಂದಿಲ್ಲ, ಫೈಲ್ ಕಳಿಸ್ತೀನಿ" ಅಂದರೆ, ಆ ಕಡೆ ಇರುವವರು ಎದ್ದು ಲೈನ್ ನೋಡಲೇಬೇಕಾಗುತ್ತೆ.