ಸೇತುವೆಯನ್ನು ಕೊಳ್ಳಲಾಗದು

ಕಳೆದ ರಾಜ್ಯೋತ್ಸವದ ಸಿದ್ಧತಾ ಸಭೆಯಲ್ಲಿ ನಾವು ಮೂವರು ಒಂದು ಮೇಜನ್ನು ಬೇಡಿದೆವು. ಆರಡಿ ಉದ್ದ, ಎರಡಡಿ ಅಗಲ. ಗೋಡೆಯ ಬದಿಗಿದ್ದರೂ ಸಾಕೆಂದೆವು. ಪುಣೆಯಿಂದ ಮೀರಜಿನ ಮೂಲಕ ಲೋಂಡಾಕ್ಕೆ ಹೋಗುವ ರೈಲುದಾರಿಯ ಒಂದು ತುಣುಕನ್ನು, ಅದರ ನಡುವೆ ಒಂದು ಹೊಳೆಯನ್ನು, ಹೊಳೆಯ ಮೇಲೆ ನಾವೇ ಮೊದಲಿನಿಂದ ಕೊನೆಯವರೆಗೆ ಕಟ್ಟಿದ ಪುಟ್ಟ ಸೇತುವೆಯನ್ನು ಅಲ್ಲಿ ಇಡಬೇಕೆಂಬುದು ನಮ್ಮ ಆಸೆ. ಮೇಜು ಸಿಕ್ಕಿತು. ಅದರೊಡನೆ ಒಂದು ಮಾತೂ ಸಿಕ್ಕಿತು. ಹಿರಿಯರೊಬ್ಬರು ಪ್ರೀತಿಯಿಂದಲೇ ಕೇಳಿದರು: “ಅಲ್ರೀ ಸಾಹೇಬ್ರ, ಇಂಥಾದ್ದು ಅಂಗಡ್ಯಾಗ ತಯಾರ ಸಿಗ್ತದಲ್ಲ? ಅಷ್ಟು ಹತ್ರ ಬಂದು ಯಾರು ನೋಡ್ತಾರ?” ಸಭೆ ನಕ್ಕಿತು. ಸಾಹಿತ್ಯ ಬಳಗದಲ್ಲಿ ಆಟಿಕೆಗೇನು ಕೆಲಸವೆಂದು ಮತ್ತೊಬ್ಬರು ಸೇರಿಸಿದರು.

ಅಂದು ನಾವು ಸುಮ್ಮನಿದ್ದೆವು. ನಮ್ಮಲ್ಲಿ ಇಬ್ಬರು ಕೇಂದ್ರ ಸರ್ಕಾರದ ನೌಕರರು. ಆಕ್ಷೇಪಣೆಗೆ ಉತ್ತರವನ್ನು ಲಿಖಿತವಾಗಿಯೇ ಕೊಟ್ಟು ರೂಢಿ. ಆ ಉತ್ತರ ಇದು.

ತಯಾರಾಗಿ ಸಿಗುವ ಸೇತುವೆಯನ್ನು ನಾವು ಬಲ್ಲೆವು. ಪೆಟ್ಟಿಗೆಯ ಮೇಲಿನ ಚಿತ್ರ ಬಹಳ ಚೆನ್ನಾಗಿರುತ್ತದೆ. ಒಳಗಿರುವುದು ಯೂರೋಪಿನ ಯಾವುದೋ ಕಣಿವೆಗೆ ಹೊಂದುವ ಕಮಾನು. ಅದರ ಕೆಳಗೆ ಹಿಮ ಕರಗಿದ ನೀರು ಹರಿಯಬೇಕು, ಪಕ್ಕದಲ್ಲಿ ಚೂಪು ಗೋಪುರದ ಚರ್ಚು ಇರಬೇಕು. ಅದನ್ನು ತಂದು ಕೃಷ್ಣೆಯ ಮೇಲಿಟ್ಟರೆ ಕೃಷ್ಣೆ ಸುಳ್ಳಾಗುತ್ತಾಳೆ. ಅಳತೆಯೂ ಸುಳ್ಳೇ. ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಪ್ರಮಾಣವೆಂದರೆ 87ರಲ್ಲಿ ಒಂದು ಪಾಲು. ಅದರ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್, 87ರಿಂದ ಗುಣಿಸಿದರೆ ಬರುವುದು ಯೂರೋಪಿನ 1,435 ಮಿಲಿಮೀಟರಿನ ದಾರಿ. ನಮ್ಮ ಬ್ರಾಡ್‌ಗೇಜಿನ ಅಂತರ 1,676 ಮಿಲಿಮೀಟರ್. ಮಾದರಿಯಲ್ಲಿ ಅದು 19 ಮಿಲಿಮೀಟರಿಗೂ ಮಿಗಿಲಾಗಬೇಕು. ಹಳೆಯ ಮೀಟರ್‌ಗೇಜಾದರೆ ಹನ್ನೊಂದೂವರೆ. ಅಂದರೆ ಅಂಗಡಿಯ ಸರಕಿನಲ್ಲಿ ನಮ್ಮ ಹಿಂದಿನ ದಾರಿಯೂ ಇಲ್ಲ, ಇಂದಿನ ದಾರಿಯೂ ಇಲ್ಲ.

ಇಲ್ಲಿ ನಮ್ಮನ್ನು ಹಿಡಿಯಬಹುದಾದ ಒಂದು ಎಳೆಯಿದೆ. ಬೇರೆಯವರು ಹಿಡಿಯುವ ಮೊದಲು ನಾವೇ ತೋರಿಸಿಬಿಡುತ್ತೇವೆ. ನಮ್ಮ ಸೇತುವೆಯ ಮೇಲೆ ಓಡುವ ಎಂಜಿನ್ ಕೊಂಡದ್ದು. ಅದರ ಚಕ್ರಗಳಿಗಾಗಿ ಹಳಿಯನ್ನೂ 16.5ರ ಅಳತೆಯಲ್ಲಿಯೇ ಹಾಕಿದ್ದೇವೆ. ಹಾಗಾದರೆ ನಿಮ್ಮ ವಾದವೇ ಬಿದ್ದುಹೋಯಿತಲ್ಲವೆ ಎಂದರೆ, ಬೀಳಲಿಲ್ಲ. ಕೊಳ್ಳುವುದು ಪಾಪವೆಂದು ನಾವು ಹೇಳುತ್ತಿಲ್ಲ. ಉಗುರಿನಷ್ಟು ದೊಡ್ಡ ಮೋಟಾರನ್ನು ಮನೆಯಲ್ಲಿ ಸುತ್ತಲು ನಮಗೆ ಬಾರದು. ಎಂಜಿನ್ ಎಲ್ಲಿಂದಲಾದರೂ ಬರಬಹುದು, ಸೇತುವೆ ಬರಲಾರದು. ಏಕೆಂದರೆ ಎಂಜಿನ್ನಿನ ಅಳತೆ ಹಳಿಯದು, ಸೇತುವೆಯ ಅಳತೆ ಹೊಳೆಯದು.

ನಿಜವಾದ ಸೇತುವೆಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಪುಣೆಯಿಂದ ಲೋಂಡಾಕ್ಕೆ ಮೀಟರ್‌ಗೇಜ್ ಹಾಕಿದ್ದು 1882ರಲ್ಲಿ ಹುಟ್ಟಿದ, ಧಾರವಾಡವನ್ನು ಕೇಂದ್ರ ಮಾಡಿಕೊಂಡ ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಸೇರಿಹೋಯಿತು. ಆ ಕಾಲದಲ್ಲಿ ಎಂಜಿನ್ನುಗಳೂ ಕಬ್ಬಿಣದ ತೊಲೆಗಳೂ ಇಂಗ್ಲೆಂಡಿನಿಂದ ಹಡಗೇರಿ ಬರುತ್ತಿದ್ದವು. ಕಂಬಗಳು ಬರಲಿಲ್ಲ. ಅವನ್ನು ಇಲ್ಲಿಯ ಹೊಳೆಯ ಆಳ ನೋಡಿ, ಇಲ್ಲಿಯ ಮಳೆಗಾಲದ ನೆರೆ ನೋಡಿ, ಇಲ್ಲಿಯ ಕಲ್ಲನ್ನು ಕಡಿದು, ಇಲ್ಲಿಯ ಜನರೇ ಕಟ್ಟಬೇಕಾಯಿತು. ಆ ಕಲ್ಲು ಕಡಿದವರ ಹೆಸರನ್ನು ನಾವು ಕಂಡ ಯಾವ ಫಲಕದಲ್ಲಿಯೂ ಕೆತ್ತಿಲ್ಲ. ಕೈಕೆಲಸವನ್ನು ಆಟಿಕೆಯೆಂದು ನಗುವ ಸಭೆಗೂ ಆ ಬರಿದಾದ ಫಲಕಕ್ಕೂ ನಡುವೆ ನಂಟಿದೆ ಎಂದರೆ ಕೆಲವರಿಗೆ ನೋವಾದೀತು. ಆದರೂ ಹೇಳುತ್ತೇವೆ. ವೇದಿಕೆಯ ಮೇಲೆ ಕಾಯಕದ ಹಿರಿಮೆಯನ್ನು ಅರ್ಧ ಗಂಟೆ ಕೊಂಡಾಡುವ ನಾವು, ಬಿದಿರು ಸೀಳಿ ಬದುಕಿದ ಮೇದಾರ ಕೇತಯ್ಯನನ್ನು ಶರಣನೆಂದು ಕೈಮುಗಿಯುವ ನಾವು, ವೇದಿಕೆಯಿಂದ ಇಳಿದೊಡನೆ ಬಿದಿರು ಕಡ್ಡಿ ಹಿಡಿದವನನ್ನು ಕೆಲಸವಿಲ್ಲದವನೆನ್ನುತ್ತೇವೆ.

ಇನ್ನು, ಕಟ್ಟುವುದರಿಂದ ಆಗುವುದೇನು? ನಾವು ಮಾಡಿದ್ದು ಯಾವುದೋ ಒಂದು ಸೇತುವೆಯ ಪಡಿಯಚ್ಚಲ್ಲ. ಆ ಮಾರ್ಗದ ಪ್ರಯಾಣಿಕರಿಗೆ ಕಿಟಕಿಯಿಂದ ಪರಿಚಿತವಾದ ಬಗೆಯದು: ಕಲ್ಲಿನ ಕಂಬಗಳು, ಅವುಗಳ ಮೇಲೆ 60 ಅಡಿಯ ಪ್ಲೇಟ್ ಗರ್ಡರುಗಳು. 60 ಅಡಿಯೆಂದರೆ ಮಾದರಿಯಲ್ಲಿ 210 ಮಿಲಿಮೀಟರ್. ಮೂರು ಅಂಕಣ ಹಾಕಿದರೆ ಎರಡಡಿಗಿಂತ ತುಸು ಹೆಚ್ಚು. ಹೊನ್ನಾವರದ ಬಳಿ ಕೊಂಕಣ ರೈಲ್ವೆಯ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಉದ್ದ; ಅದನ್ನು ಇದೇ ಪ್ರಮಾಣದಲ್ಲಿ ಕಟ್ಟಲು 23 ಮೀಟರಿಗೂ ಉದ್ದನೆಯ ಕೋಣೆ ಬೇಕು. ಯಾವುದನ್ನು ಆರಿಸಬೇಕು, ಎಷ್ಟನ್ನು ಬಿಡಬೇಕು ಎಂಬ ವಿವೇಕ ಕವಿಗೆ ಮಾತ್ರ ಬೇಕಾದದ್ದೆಂದು ಯಾರೂ ತಿಳಿಯಬೇಕಾಗಿಲ್ಲ.

ತೊಲೆಗೆ ಲಗ್ನಪತ್ರಿಕೆಯ ದಪ್ಪ ಕಾಗದ, ಅಡ್ಡಪಟ್ಟಿಗಳಿಗೆ ಸೀಳಿದ ಬಿದಿರು, ಕಂಬಕ್ಕೆ ಥರ್ಮೋಕೋಲಿನ ಮೇಲೆ ಪ್ಲಾಸ್ಟರು. ರಿವೆಟ್ಟುಗಳನ್ನು ಕಾಗದದ ಹಿಂಬದಿಯಿಂದ ಕೈವಾರದ ಮೊಂಡಾದ ಮುಳ್ಳಿನಿಂದ ಒಂದೊಂದಾಗಿ ಒತ್ತಿ ಎಬ್ಬಿಸಿದೆವು. ಮೊದಲ ತೊಲೆ ಕೆಟ್ಟಿತು: ಒಂದೇ ಮೈಗೆ ಅಂಟು ಬಳಿದದ್ದರಿಂದ ಒಣಗುವಾಗ ಬಾಳೆ ಎಲೆಯಂತೆ ಮುರುಟಿತು. ಎರಡನೆಯದು ನಡುವೆ ಜಗ್ಗಿತು. ಮೂರನೆಯದಕ್ಕೆ ಬಗಲಲ್ಲಿ ನಿಲುಪಟ್ಟಿಗಳನ್ನು ಹಚ್ಚಿದಾಗ, ನಿಜವಾದ ಗರ್ಡರಿನ ಮೈಮೇಲೆ ಆ ಪಟ್ಟಿಗಳು ಏಕಿರುತ್ತವೆ ಎಂಬುದು ಬೆರಳಿಗೆ ತಿಳಿಯಿತು. ತೆಳುವಾದ ತಗಡು ಭಾರಕ್ಕೆ ಸೊಟ್ಟಗಾಗದಂತೆ ಹಿಡಿಯುವುದೇ ಅವುಗಳ ಕೆಲಸ. ತೊಲೆಯ ಒಂದು ತುದಿಯನ್ನು ಕಂಬಕ್ಕೆ ಬಿಗಿದು ಇನ್ನೊಂದನ್ನು ಜರುಗಲು ಬಿಟ್ಟಿರುತ್ತಾರೆ. 30 ಡಿಗ್ರಿ ತಾಪ ಏರಿದರೆ 18 ಮೀಟರಿನ ಉಕ್ಕಿನ ತೊಲೆ ಸುಮಾರು ಆರೂವರೆ ಮಿಲಿಮೀಟರ್ ಬೆಳೆಯುತ್ತದೆ. ಆ ಬೆಳವಣಿಗೆಗೆ ಎಡೆ ಕೊಡದಿದ್ದರೆ ಕಂಬಕ್ಕೆ ಕೇಡು. ಪೆಟ್ಟಿಗೆಯ ಸೇತುವೆಯನ್ನು ಜೋಡಿಸುವಾಗ ಇವಾವುವೂ ನಮ್ಮನ್ನು ಕೇಳುವುದಿಲ್ಲ. ಒಂದರ ತೂತಿಗೆ ಎರಡನ್ನು ಒತ್ತಿದರೆ ಮುಗಿಯಿತು.

ಆದರೆ ಇದನ್ನು ಬರೆಯಲು ನಮ್ಮನ್ನು ಕೂರಿಸಿದ್ದು ಗರ್ಡರಲ್ಲ, ಒಂದು ಪ್ರಶ್ನೆ. ಭಾನುವಾರ ಸಂಜೆಗಳಲ್ಲಿ ನಮ್ಮ ಮನೆಗಳ ಮಕ್ಕಳೂ ಕೈಗೂಡಿಸುತ್ತಿದ್ದರು. ಪುಣೆಯ ಕನ್ನಡ ಮನೆಗಳ ಸ್ಥಿತಿ ಓದುಗರಿಗೆ ಗೊತ್ತೇ ಇದೆ: ಮಕ್ಕಳು ನಮ್ಮ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರಿಸುತ್ತಾರೆ, ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ. ಕಂಬಕ್ಕೆ ಪ್ಲಾಸ್ಟರು ಹಚ್ಚುತ್ತಿದ್ದಾಗ, ನೆರೆಯ ರಭಸವನ್ನು ಸೀಳಲು ಮೇಲ್ಹೊಳೆಯ ಕಡೆಗೆ ಕಂಬದ ಮುಂಭಾಗವನ್ನು ದೋಣಿಯ ಮೂತಿಯಂತೆ ಚೂಪು ಮಾಡಿರುತ್ತಾರೆ ಎಂದು ಹೇಳಿದೆವು. ಹನ್ನೊಂದರ ಹುಡುಗಿ ಕೈಯಲ್ಲಿ ಕಂಬ ಹಿಡಿದು ಕೇಳಿದಳು: “ಕಾಕಾ, ಹಂಗಾರ ಹೊಳಿ ಯಾವ ಕಡಿಂದ ಬರ್ತದ?” ಪೂರ್ತಿ ಕನ್ನಡದಲ್ಲಿ ಕೇಳಿದಳು, ಕೇಳಿದ್ದು ಕನ್ನಡವೆಂದು ಅವಳಿಗೆ ಗೊತ್ತಿರಲಿಲ್ಲ. ಮಹಾಬಳೇಶ್ವರದ ಕಡೆಯಿಂದ ಬರುತ್ತದೆ, ಕುಡಚಿ ದಾಟಿ ನಮ್ಮೂರ ಕಡೆಗೆ ಹೋಗುತ್ತದೆ ಎಂದೆವು. ಅವಳು ಕಂಬವನ್ನು ತಿರುಗಿಸಿ ಇಟ್ಟಳು. ಆವರೆಗೆ ನಾವು ಅದನ್ನು ಹಿಂದುಮುಂದಾಗಿ ಹಿಡಿದಿದ್ದೆವು.

ಹೊರನಾಡಿನಲ್ಲಿ ಕನ್ನಡಕ್ಕೆ ನಾವು ಕೊಟ್ಟಿರುವುದು ಹಾಡು, ಭಾಷಣ, ಹೋಳಿಗೆ. ವರ್ಷಕ್ಕೊಮ್ಮೆ ರೇಷ್ಮೆ ಉಡಿಸಿ ಕೂರಿಸುತ್ತೇವೆ, ಕೆಲಸ ಕೊಡುವುದಿಲ್ಲ. ಕೆಲಸವಿಲ್ಲದ ಭಾಷೆ ಅತಿಥಿಯಾಗುತ್ತದೆ, ಅತಿಥಿ ಒಂದು ದಿನ ಹೊರಡುತ್ತದೆ. ಆ ಮೇಜಿನ ಸುತ್ತ ತೊಲೆ, ಅಂಕಣ, ಓರೆ, ಜಗ್ಗು, ಬಿರುಕು, ಒಪ್ಪ ಎಂಬ ಮಾತುಗಳು ಪಾಠವಿಲ್ಲದೆ ಮಕ್ಕಳ ಬಾಯಿಗೆ ಬಂದವು, ಏಕೆಂದರೆ ಅವಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ನಮ್ಮಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರೊಬ್ಬರಿದ್ದಾರೆ. ಇಂಗ್ಲಿಷಿನಲ್ಲಿ ಕವಿಗಿರುವ ಹೆಸರಿನ ಗ್ರೀಕ್ ಮೂಲಕ್ಕೆ ಮಾಡುವವನೆಂದೇ ಅರ್ಥವೆಂದು ಅವರು ತರಗತಿಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದರು. ನಮ್ಮ ‘ಕೃತಿ’ಯೂ ಮಾಡಿದ್ದೇ ಅಲ್ಲವೆ? ಬಳಗದಲ್ಲಿ ಆಟಿಕೆಗೇನು ಕೆಲಸವೆಂದವರಿಗೆ ಇಷ್ಟು ಸಾಕು.

ಯಾರು ಹತ್ತಿರ ಬಂದು ನೋಡುತ್ತಾರೆ ಎಂಬ ಪ್ರಶ್ನೆ ಉಳಿಯಿತು. ಈ ಊರಿನವರಂತೂ ನೋಡುತ್ತಾರೆ. ಭಾವು ಜೋಶಿಯವರ ಹವ್ಯಾಸದಿಂದ ಹುಟ್ಟಿ 1998ರಲ್ಲಿ ಬಾಗಿಲು ತೆರೆದ ಕೋಥ್ರೂಡಿನ ಕಿರುರೈಲು ಸಂಗ್ರಹಾಲಯಕ್ಕೆ ಇಂದಿಗೂ ಜನ ಟಿಕೆಟ್ ಕೊಂಡು ಹೋಗುತ್ತಾರೆ, ಗಾಜಿನ ಈಚೆ ಮಕ್ಕಳನ್ನು ಎತ್ತಿ ಹಿಡಿಯುತ್ತಾರೆ. ಒಬ್ಬನ ಹುಚ್ಚನ್ನು ಊರಿನ ಹೆಮ್ಮೆಯಾಗಿಸಿಕೊಳ್ಳಲು ಮರಾಠಿ ನೆರೆಯವರಿಗೆ ಸಾಧ್ಯವಾಯಿತು, ನಮಗೇಕೆ ಆಗದು?

ಅದೂ ಅಲ್ಲದೆ, ಆ ದಾರಿ ಬದಲಾಗುತ್ತಲೇ ಇದೆ. ಪುಣೆ–ಮೀರಜ್ ಭಾಗ 1971ರ ಹೊತ್ತಿಗೆ ಬ್ರಾಡ್‌ಗೇಜ್ ಆಯಿತು, ಮೀರಜ್–ಲೋಂಡಾ ಭಾಗ 1990ರ ದಶಕದಲ್ಲಿ. ಮೀರಜಿನಲ್ಲಿ ಸಣ್ಣ ರೈಲು ಇಳಿದು, ಟ್ರಂಕು ಹೊತ್ತು, ದೊಡ್ಡ ರೈಲಿಗೆ ಓಡಿದ ನೆನಪು ನಮ್ಮ ವಯಸ್ಸಿನವರಿಗೆ ಇದೆ, ನಮ್ಮ ಮಕ್ಕಳಿಗೆ ಇಲ್ಲ. ಈಚೆಗೆ ಜೋಡಿಹಳಿಯ ಕೆಲಸ ನಡೆದಿದೆ, ಹೊಸ ಸೇತುವೆಗಳು ಎದ್ದಿವೆ. ಅದು ಬೇಕಾದದ್ದೇ, ನಾವು ಅಳುತ್ತಿಲ್ಲ. ಆದರೆ ನಮ್ಮನ್ನು ಈ ಊರಿಗೆ ದಾಟಿಸಿದ ಸೇತುವೆಗಳು ಹೇಗಿದ್ದವೆಂದು ಮಕ್ಕಳು ಕೇಳಿದರೆ ಯೂರೋಪಿನ ಕಮಾನನ್ನು ತೋರಿಸಲು ನಮಗೆ ಮನಸ್ಸಿಲ್ಲ.

ನಕ್ಕವರ ಮೇಲೆ ನಮಗೆ ಮುನಿಸಿಲ್ಲ. ಮೇಜು ಈ ವರ್ಷವೂ ಇರುತ್ತದೆ. ಮೂರು ಅಂಕಣ ಮುಗಿದಿವೆ, ನಾಲ್ಕನೆಯದಕ್ಕೆ ಲಗ್ನಪತ್ರಿಕೆಗಳು ಬೇಕಾಗಿವೆ. ಆ ಹಿರಿಯರ ಮನೆಯಲ್ಲಿ ಈಚೆಗೆ ಮದುವೆಯಾಗಿದೆ. ಉಳಿದ ಪತ್ರಿಕೆಗಳನ್ನು ಅವರು ಭಾನುವಾರ ತಾವೇ ತಂದುಕೊಟ್ಟರೆ, ಕೈವಾರವನ್ನೂ ಅವರ ಕೈಗೇ ಕೊಡುತ್ತೇವೆ.