ಹಳ್ಳದೊಳಗಿನ ದಿಮ್ಮಿ ಕಸವಲ್ಲ

ಹಳ್ಳ ಸ್ವಚ್ಛವಾಗಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾವುದನ್ನು ತೆಗೆದರೆ ಹಳ್ಳ ಸ್ವಚ್ಛವಾಗುತ್ತದೆ, ಯಾವುದನ್ನು ತೆಗೆದರೆ ಬರಡಾಗುತ್ತದೆ ಎಂದು ನಾವು ಬೇರ್ಪಡಿಸಿ ನೋಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ಜೆಸಿಬಿ ಹಳ್ಳಕ್ಕಿಳಿದರೆ ಪ್ಲಾಸ್ಟಿಕ್ಕು, ಹೂಳು, ದಂಡೆಯಿಂದ ಉರುಳಿದ ಹೊಳೆಮತ್ತಿಯ ದಿಮ್ಮಿ ಎಲ್ಲವೂ ಒಂದೇ ಟ್ರ್ಯಾಕ್ಟರ್ ಏರುತ್ತವೆ. ಆ ದಿಮ್ಮಿಯನ್ನು ಅಲ್ಲೇ ಬಿಡಬೇಕು, ಬರಿದಾದ ಕಡೆ ಮರಳಿ ತಂದಿಡಬೇಕು ಎಂಬುದು ನನ್ನ ವಾದ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡುಹಳ್ಳಗಳನ್ನೇ ನೋಡಿ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೂ ಭೀಮಗಡದ ಕಾಡಿನಿಂದ ಮಹದಾಯಿಗೆ ಇಳಿಯುವ ತೊರೆಗಳಿಗೂ ಆಷಾಢ-ಶ್ರಾವಣದಲ್ಲಿ ಕಲ್ಲು ಉರುಳಿಸುವಷ್ಟು ಸೆಳವು. ಏಪ್ರಿಲ್-ಮೇ ಹೊತ್ತಿಗೆ ಸಣ್ಣ ಹಳ್ಳಗಳಲ್ಲಿ ಅಲ್ಲಲ್ಲಿ ಮಡು ಮಾತ್ರ. ಮೀನು ಮಳೆಗಾಲದಲ್ಲಿ ಕೊಚ್ಚಿಹೋಗಬಾರದು, ಬೇಸಿಗೆಯಲ್ಲಿ ನೀರಿಲ್ಲದೆ ಸಾಯಬಾರದು. ಅಡ್ಡಬಿದ್ದ ಮರ ಎರಡಕ್ಕೂ ಆಸರೆ. ದಿಮ್ಮಿಯ ಮೇಲಿಂದ ಧುಮುಕುವ ನೀರು ಕೆಳಬದಿಯ ತಳ ಕೊರೆದು ಮಡು ಮಾಡುತ್ತದೆ. ಮೇಲ್ಬದಿಯಲ್ಲಿ ಸೆಳವು ತಗ್ಗಿ ಮರಳು, ಸಣ್ಣ ಕಲ್ಲು ನಿಲ್ಲುತ್ತವೆ. ಎಷ್ಟೋ ಜಾತಿಯ ಮೀನು ಮೊಟ್ಟೆಯಿಡುವುದು ಅಂಥ ಹಾಸಿನಲ್ಲೇ. ಕೊಂಬೆಗಳ ಸಂದಿಯಲ್ಲಿ ತರಗೆಲೆ ಸಿಕ್ಕಿಕೊಳ್ಳುತ್ತದೆ.

ಈ ತರಗೆಲೆ ಸಣ್ಣ ಸಂಗತಿಯಲ್ಲ. ಮರಗಳು ಕವಿದ ಹಳ್ಳಕ್ಕೆ ಬಿಸಿಲು ಕಡಿಮೆ, ಹಾಗಾಗಿ ಪಾಚಿಯೂ ಕಡಿಮೆ. ಅಲ್ಲಿನ ಆಹಾರ ಬಹುಪಾಲು ಕಾಡಿನಿಂದ ಉದುರುವ ಎಲೆಯೇ. ದಿಮ್ಮಿಗೆ ಅಂಟಿದ ಕೊಳೆತ ಎಲೆಯೊಂದನ್ನು ಎತ್ತಿ ನೋಡಿದರೆ, ಮೆತ್ತಗಿನ ಭಾಗವನ್ನೆಲ್ಲ ಹುಳುಗಳು ಮೆದ್ದು ನರಗಳಷ್ಟೇ ಉಳಿದಿರುತ್ತವೆ. ಅದರಡಿಯಲ್ಲಿ ಮರಳಿನ ಕಣಗಳನ್ನು ಅಂಟಿಸಿ ಕೊಳವೆಯಂಥ ಗೂಡು ಕಟ್ಟಿಕೊಂಡ ಹುಳು ತೆವಳುತ್ತಿರುತ್ತದೆ. ಇಂಥ ಹುಳುಗಳೇ ಮೀನಿನ ಊಟ. ದಿಮ್ಮಿ ಹೋದರೆ ಎಲೆ ನಿಲ್ಲದೆ ಹರಿದುಹೋಗುತ್ತದೆ. ಹುಳು ಕಡಿಮೆಯಾಗುತ್ತದೆ, ಮೀನೂ ಕಡಿಮೆಯಾಗುತ್ತದೆ.

ಇದನ್ನು ಜಗತ್ತು ಕಲಿತದ್ದು ಕೈ ಸುಟ್ಟುಕೊಂಡ ಮೇಲೆ. ಅಮೆರಿಕದ ಒರೆಗಾನ್, ವಾಷಿಂಗ್ಟನ್ ಪ್ರಾಂತಗಳಲ್ಲಿ 1950ರಿಂದ 70ರ ದಶಕದವರೆಗೆ, ಸಾಲ್ಮನ್ ಮೀನು ಮೇಲೇರಲು ಅಡ್ಡಿಯೆಂದು ಸರ್ಕಾರಿ ಇಲಾಖೆಗಳೇ ತೊರೆಗಳಿಂದ ಮರಗಳನ್ನು ಎಳೆಸಿದವು. ತೊರೆ ನಯವಾಯಿತು, ಮಡುಗಳು ಮಾಯವಾದವು. 1980ರ ದಶಕದಿಂದೀಚೆಗೆ ಅಲ್ಲೇ ದುಡ್ಡು ಸುರಿದು ದಿಮ್ಮಿಗಳನ್ನು ಮರಳಿ ಹಾಕಿಸುತ್ತಿದ್ದಾರೆ. ಆಸ್ಟ್ರೇಲಿಯಾದ ಮರ್ರೆ ನದಿಯಲ್ಲಿ ಉಗಿದೋಣಿಗಳ ಓಡಾಟಕ್ಕೆಂದು ಕಿತ್ತಿದ್ದ ಮರಗಳ ಜಾಗಕ್ಕೆ ಸಾವಿರಾರು ದಿಮ್ಮಿಗಳನ್ನು ಇಳಿಸಿದ ಮೇಲೆ ಮರ್ರೆ ಕಾಡ್ ಮೀನಿನ ಸಂಖ್ಯೆ ಹೆಚ್ಚಿತು.

ನಮ್ಮಲ್ಲಿ ಈ ಯೋಚನೆ ಏಕೆ ಬೇರೂರಲಿಲ್ಲ? ಬೆಳಗಾವಿಯ ಶಿವಬಸವ ನಗರದಲ್ಲಿ ನೀರಾವರಿ ತಜ್ಞ ಎಸ್.ಜಿ. ಬಾಳೇಕುಂದ್ರಿ ಅವರ ಹೆಸರಿನ ತಾಂತ್ರಿಕ ಕಾಲೇಜಿದೆ. ಒಣಭೂಮಿಗೆ ನೀರು ಹರಿಸಿದ ಆ ತಲೆಮಾರಿನ ಎಂಜಿನಿಯರುಗಳ ಋಣ ಈ ಸೀಮೆಯ ಮೇಲೆ ದೊಡ್ಡದು. ಆದರೆ ನೀರಿನ ಬಗ್ಗೆ ನಮ್ಮ ಚರ್ಚೆ ಅಂದಿನಿಂದ ಇಂದಿನವರೆಗೂ ಪ್ರಮಾಣದ ಲೆಕ್ಕ ಬಿಟ್ಟು ಕದಲಿಲ್ಲ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದಾಗ ಅಷ್ಟೇಕೆ, ಇಷ್ಟೇ ಏಕೆ ಎಂದು ಬೀದಿಬೀದಿಯಲ್ಲಿ ವಾದವಾಯಿತು. ಆ ನೀರಿನೊಳಗೆ ಬದುಕುವ ಜೀವಗಳ ಮಾತು ಅಷ್ಟಾಗಿ ಕೇಳಲಿಲ್ಲ. ಕುಡಿಯುವ ನೀರಿನ ಹಕ್ಕನ್ನು ನಾನು ಅಲ್ಲಗಳೆಯುತ್ತಿಲ್ಲ. ಹಳ್ಳವನ್ನು ನೀರು ಸಾಗಿಸುವ ಕಾಲುವೆ ಎಂದಷ್ಟೇ ಬಗೆದರೆ ಅದರೊಳಗಿನ ಮರ ಅಡಚಣೆಯಾಗಿಯೇ ಕಾಣುತ್ತದೆ ಎನ್ನುತ್ತಿದ್ದೇನೆ.

ಆಕ್ಷೇಪಣೆಗಳಿವೆ, ಅವು ಹುರುಳಿಲ್ಲದವಲ್ಲ. ಮಹಾಪೂರದಲ್ಲಿ ತೇಲಿ ಬರುವ ಮರ ಸೇತುವೆಯ ಕಣ್ಣುಗಳಿಗೆ, ಬಾಂದಾರಕ್ಕೆ ಸಿಕ್ಕಿಕೊಂಡರೆ ನೀರು ಊರಿಗೆ ನುಗ್ಗುತ್ತದೆ. 2019ರ ಆಗಸ್ಟ್‌ನ ಪ್ರವಾಹ ಕಂಡ ಬೆಳಗಾವಿ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಸೇತುವೆ, ಬಾಂದಾರ, ಊರಿನ ಆಸುಪಾಸಿನಲ್ಲಿ ಮರ ತೆಗೆಯಲೇಬೇಕು. ಒಲೆಗೆ ಸೌದೆ ಬೇಕಾದವರನ್ನು ಹಳ್ಳದ ಶತ್ರುಗಳಂತೆ ಕಾಣುವುದೂ ತರವಲ್ಲ. ಅವರು ಹೊತ್ತೊಯ್ಯುವುದು ಒಣ ಕಟ್ಟಿಗೆ, ಯಂತ್ರ ಎಳೆಯುವುದು ಬುಡಸಮೇತ ಮರ. ಇನ್ನು ಬೆಳಗಾವಿಯ ಬಳ್ಳಾರಿ ನಾಲೆಯಂಥ ಕಡೆ ದಿಮ್ಮಿಯಿಂದ ಏನೂ ಆಗದು. ನಗರದ ಚರಂಡಿ ನೀರು ಅದಕ್ಕೆ ಸೇರುವುದು ಮೊದಲು ನಿಲ್ಲಬೇಕು. ಉಸಿರಾಡಲು ಗಾಳಿಯಿಲ್ಲದ ನೀರಿನಲ್ಲಿ ಮೀನಿಗೆ ಮನೆ ಕಟ್ಟಿ ಫಲವಿಲ್ಲ.

ಹಾಗೆಂದು ಒರೆಗಾನ್‌ನ ಕ್ರೇನು, ಸರಪಳಿಗಳನ್ನು ಇಲ್ಲಿಗೆ ತರಬೇಕಿಲ್ಲ. ದಿಮ್ಮಿ ಹಾಕಲೆಂದು ನಿಂತ ಮರ ಕಡಿಯುವುದಂತೂ ಅವಿವೇಕ. ನಮ್ಮಲ್ಲಿ ಮೊದಲ ಕೆಲಸ, ಬಿದ್ದದ್ದನ್ನು ಬಿಡುವುದು. 2011ರಲ್ಲಿ ವನ್ಯಜೀವಿಧಾಮವಾದ ಭೀಮಗಡದಲ್ಲಿ ಇದಕ್ಕೆ ಕಾನೂನಿನ ಬಲವೂ ಇದೆ: ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ, ಗಾಳಿಗೆ ಬಿದ್ದ ಮರಗಳನ್ನಷ್ಟೇ ಅಲ್ಲ, ನೀರಿನಲ್ಲಿ ತೇಲಿಬಂದ ಮರಗಳನ್ನೂ ತೆಗೆಯಬಾರದೆಂದು ಸುಪ್ರೀಂ ಕೋರ್ಟ್ 2000ದ ಫೆಬ್ರುವರಿಯಲ್ಲೇ ಆದೇಶಿಸಿದೆ. ಆ ವಿವೇಕ ಅಭಯಾರಣ್ಯದ ಗಡಿ ದಾಟಿ ಹೊಲದಂಚಿನ ಹಳ್ಳಕ್ಕೂ ಬರಬೇಕು.

ದಾರಿ ಕಷ್ಟದ್ದಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಹೂಳೆತ್ತುವ ಕಾಮಗಾರಿಗೆ ಮುನ್ನ ಆ ಸಮಿತಿ ಹಳ್ಳದುದ್ದಕ್ಕೂ ನಡೆದು, ಯಾವ ಮಡು ಬೇಸಿಗೆಯಲ್ಲೂ ಬತ್ತುವುದಿಲ್ಲ, ಯಾವ ದಿಮ್ಮಿ ಉಳಿಯಬೇಕು ಎಂದು ಮೀನು ಹಿಡಿಯುವವರನ್ನೇ ಕೇಳಿ ಗುರುತು ಹಾಕಲಿ. ಗುರುತಿನದನ್ನು ಮುಟ್ಟಬಾರದೆಂಬ ಷರತ್ತು ಅಂದಾಜುಪಟ್ಟಿಯಲ್ಲೇ ಇರಲಿ. ದಂಡೆಗಳಲ್ಲಿ ಹೊಳೆಮತ್ತಿ, ನೇರಳೆ, ಹೊಂಗೆ ಬೆಳೆಯಲಿ. ನಾಳೆ ಹಳ್ಳಕ್ಕೆ ಬೀಳಬೇಕಾದ ಮರ ಇಂದು ದಂಡೆಯ ಮೇಲೆ ನಿಂತಿರಬೇಕು. ಇಷ್ಟಕ್ಕೆ ಹೊಸ ಯೋಜನೆ ಬೇಡ, ದೊಡ್ಡ ಅನುದಾನವೂ ಬೇಡ. ಹಳ್ಳ ನಮಗಷ್ಟೇ ಸೇರಿದ್ದಲ್ಲ ಎಂದು ಒಪ್ಪಿಕೊಂಡು ಕೆಲಸ ಮಾಡಿದರೆ ಸಾಕು.