ಹೆಸರಿಲ್ಲದವನ ಪುಟ್ಟ ಪೆಟ್ಟಿಗೆ

ರಾತ್ರಿ ಹತ್ತು ಹೊಡೆದ ಮೇಲೆ ಸಂಗೀತ ಕೇಳಬಯಸುವ ಗೃಹಸ್ಥನ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ. ಮಕ್ಕಳು ಮಲಗಿದ್ದಾರೆ, ಗೋಡೆ ತೆಳುವಾಗಿದೆ, ಗೋಡೆಯಾಚೆ ಇನ್ನೊಂದು ಸಂಸಾರವಿದೆ. ಹಗಲೆಲ್ಲ ದುಡಿದು ಬಂದವನಿಗೆ ಒಂದು ಗಂಟೆಯ ಕಾಲ ತೋಡಿಯನ್ನೋ ಬೀಥೋವನ್ನನನ್ನೋ ಮನಸಾರೆ ಕೇಳಬೇಕೆಂಬ ಆಸೆ. ಆತ ಮೊದಲು ಕೊಳ್ಳುವುದು ಒಂದು ಒಳ್ಳೆಯ ಹೆಡ್‌ಫೋನನ್ನು. ಹಲವು ತಿಂಗಳ ಉಳಿತಾಯವನ್ನು ಅದಕ್ಕೆ ಸುರಿದು, ಮನೆಗೆ ತಂದು, ಕೈಫೋನಿಗೆ ಸಿಕ್ಕಿಸಿ ನೋಡಿದರೆ ದನಿ ಬಾವಿಯ ತಳದಿಂದ ಬಂದಂತಿರುತ್ತದೆ. ಅಂಗಡಿಗೆ ಹಿಂದಿರುಗಿದರೆ ಸಿಗುವ ಉತ್ತರ ಸಿದ್ಧವಾಗಿಯೇ ಇದೆ: “ಇದಕ್ಕೊಂದು ಆಂಪ್ಲಿಫಯರ್ ಬೇಕು, ಸ್ವಾಮಿ.” ಅದರ ಬೆಲೆ ಕೇಳಿದಾಗ, ಹೆಡ್‌ಫೋನೇ ಅಗ್ಗವಾಗಿತ್ತೆಂದು ತೋರುತ್ತದೆ!

ಆ ಉತ್ತರದಲ್ಲಿ ನಿಜವೆಷ್ಟು, ವ್ಯಾಪಾರವೆಷ್ಟು? ಈ ಪ್ರಶ್ನೆಯ ಮೇಲೆ ಅಮೆರಿಕ, ಯೂರೋಪುಗಳ ನಾದಪ್ರಿಯರು ವರ್ಷಗಟ್ಟಲೆ ಜಗಳವಾಡಿದ್ದಾರೆ. ಆ ಜಗಳದ ನಡುವೆ ಒಬ್ಬ ಹೆಸರಿಲ್ಲದ ಮನುಷ್ಯ ಬಂದು ಹೋದ ಕಥೆ ಬಹು ಸ್ವಾರಸ್ಯವಾದುದು. ಅದಕ್ಕೆ ಮುನ್ನ ಸ್ವಲ್ಪ ಪೂರ್ವಕಥೆ ಬೇಕು.

ಹೆಡ್‌ಫೋನು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. ೧೯೧೦ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನೆಥೇನಿಯಲ್ ಬಾಲ್ಡ್ವಿನ್ ಎಂಬಾತ ತನ್ನ ಅಡಿಗೆಮನೆಯಲ್ಲಿ ಕುಳಿತು ಕೈಯಿಂದಲೇ ಜೋಡಿಸಿದ ಕರ್ಣಯಂತ್ರಗಳನ್ನು ಕೊಂಡದ್ದು ಆ ದೇಶದ ನೌಕಾಪಡೆ. ನಿಸ್ತಂತು ಸಂದೇಶಗಳನ್ನು ಆಲಿಸುವುದಕ್ಕಾಗಿ. ಮುಂದೆ ರೇಡಿಯೋ ಮನೆಮನೆಗೆ ಬಂದ ಹೊಸತರಲ್ಲಿ, ಹರಳಿನ ರೇಡಿಯೋಗಳ ಕಾಲದಲ್ಲಿ, ಹೆಡ್‌ಫೋನಿಲ್ಲದೆ ಕೇಳುವ ಮಾರ್ಗವೇ ಇರಲಿಲ್ಲ. ಇದ್ದ ಒಂದನ್ನು ಬೋಗುಣಿಯೊಳಗಿಟ್ಟು, ಅದರ ಸುತ್ತ ಮನೆಮಂದಿಯೆಲ್ಲ ತಲೆ ಬಗ್ಗಿಸಿ ಕುಳಿತು ಕೇಳುತ್ತಿದ್ದರಂತೆ. ಒಬ್ಬರಿಗಾದುದನ್ನು ಹತ್ತು ಜನರಿಗೆ ಹಂಚುವ ಹವಣಿಕೆ ಅಂದಿನದು. ಹತ್ತು ಜನರ ನಡುವೆ ಒಬ್ಬನೇ ಕೇಳುವ ಹವಣಿಕೆ ಇಂದಿನದು.

ಈ ಎರಡನೆಯ ಹವಣಿಕೆಗೆ ಕಾರಣಪುರುಷ ಮಿಲ್ವಾಕಿ ನಗರದ ಜಾನ್ ಕಾಸ್. ಮದುವೆಯಲ್ಲಿ ಸೋಫಾ ಕೊಳ್ಳಲೆಂದು ಬಂದ ಉಡುಗೊರೆಯ ಹಣವನ್ನು ಟೆಲಿವಿಷನ್ ಪೆಟ್ಟಿಗೆಗಳಿಗೆ ಹಾಕಿ, ಅವನ್ನು ಆಸ್ಪತ್ರೆಯ ರೋಗಿಗಳಿಗೆ ಬಾಡಿಗೆಗೆ ಕೊಡುತ್ತಿದ್ದ ಜಾಜ್ ಪ್ರೇಮಿ ಈತ. (ಹೊಸ ಮದುವಣಗಿತ್ತಿ ಸೋಫಾ ಇಲ್ಲದೆ ಸುಮ್ಮನಿದ್ದುದಕ್ಕೆ ಆಕೆಗೂ ಕೀರ್ತಿಯಲ್ಲಿ ಪಾಲಿರಬೇಕು.) ೧೯೫೮ರಲ್ಲಿ ಆತನೂ ಮಾರ್ಟಿನ್ ಲ್ಯಾಂಗ್ ಎಂಬ ಎಂಜಿನಿಯರನೂ ಒಂದು ಗ್ರಾಮಫೋನು ಯಂತ್ರವನ್ನು ತಯಾರಿಸಿ ಮಿಲ್ವಾಕಿಯ ಪ್ರದರ್ಶನದಲ್ಲಿಟ್ಟರು. ಅದರ ಸ್ಟೀರಿಯೋ ಗುಣವನ್ನು ತೋರಿಸಲೆಂದು ಜೊತೆಗೆ ಒಂದು ಜೋಡಿ ಹೆಡ್‌ಫೋನು ಇತ್ತು. ಬಂದವರು ಯಂತ್ರವನ್ನು ಬಿಟ್ಟು ಹೆಡ್‌ಫೋನಿಗೆ ಮುಗಿಬಿದ್ದರು. ಸಂಗೀತಕ್ಕಾಗಿಯೇ ಮಾರಾಟಕ್ಕೆ ಬಂದ ಮೊದಲ ಸ್ಟೀರಿಯೋ ಹೆಡ್‌ಫೋನು ಅದೇ. ಆದರೆ ಅಂದಿನ ಬಹುಪಾಲು ಯಂತ್ರಗಳಲ್ಲಿ ಅದನ್ನು ಸಿಕ್ಕಿಸಲು ಒಂದು ರಂಧ್ರ ಕೂಡ ಇರಲಿಲ್ಲವಾದ್ದರಿಂದ ಅದಕ್ಕೂ ಕಾಸ್ ಹೆಣಗಬೇಕಾಯಿತು.

ಹತ್ತು ವರ್ಷಗಳ ನಂತರ, ೧೯೬೮ರಲ್ಲಿ, ಜರ್ಮನಿಯ ಸೆನ್‌ಹೈಸರ್ ಕಂಪನಿ ಹಳದಿ ಸ್ಪಂಜಿನ ಎಚ್‌ಡಿ ೪೧೪ ಎಂಬ ಹಗುರವಾದ ಹೆಡ್‌ಫೋನನ್ನು ಹೊರತಂದಿತು. ಅದುವರೆಗಿನವು ಕಿವಿಯನ್ನು ಮುಚ್ಚಳದಂತೆ ಮುಚ್ಚಿಬಿಡುತ್ತಿದ್ದವು; ಇದು ಹಿಂಬದಿಯನ್ನು ತೆರೆದಿಟ್ಟಿತು. ಒಳಗೆ ಸೆರೆಯಾಗಿ ಗುಂಯ್‌ಗುಡುತ್ತಿದ್ದ ಗಾಳಿಗೆ ಹೊರದಾರಿ ಸಿಕ್ಕಿತು. ಹಾಡು ತಲೆಬುರುಡೆಯೊಳಗಿನಿಂದ ಎದ್ದು ಕಿಟಕಿಯ ಬಳಿ ಬಂದು ಕುಳಿತಂತಾಯಿತು. ಅದೇ ಕಂಪನಿ ೧೯೯೭ರಲ್ಲಿ ತಂದ ಎಚ್‌ಡಿ ೬೦೦ ಎಂಬುದು ಇಂದಿಗೂ ಮನೆಯಲ್ಲಿ ಕುಳಿತು ಕೇಳುವವರ ಅಚ್ಚುಮೆಚ್ಚಿನದು. ಯಾವ ಹೊಸ ಹೆಡ್‌ಫೋನು ಬಂದರೂ ಬಲ್ಲವರು ಮೊದಲು ಅದನ್ನು ಇದರ ಪಕ್ಕದಲ್ಲಿಟ್ಟು ನೋಡುತ್ತಾರೆ. ಮಾನವಕಂಠವನ್ನು ಇಷ್ಟು ಸಹಜವಾಗಿ ನುಡಿಸುವ ಯಂತ್ರಗಳು ವಿರಳ. ನಮ್ಮ ಸಂಗೀತಕ್ಕೆ ಇದಕ್ಕಿಂತ ಬೇರೆ ಯಾವ ಗುಣ ಬೇಕು? ಗಾಯಕನ ಉಸಿರು, ಹಿಂದಿನ ತಂಬೂರಿಯ ಮಿಡಿತ, ಮೃದಂಗದ ಎಡಭಾಗದ ಗುಂಕಾರ, ಇವಿಷ್ಟು ತಮ್ಮತಮ್ಮ ಜಾಗದಲ್ಲಿ ಕೇಳಿಸಿದರೆ ಸಾಕು.

ಈಗ ಆಂಪ್ಲಿಫಯರಿನ ಮಾತಿಗೆ ಬರೋಣ. ಎಚ್‌ಡಿ ೬೦೦ರ ವಿದ್ಯುತ್ ತಡೆ ೩೦೦ ಓಮ್. ಕೈಫೋನಿನ ಜೊತೆ ಕೊಡುವಂಥ ಸಾಮಾನ್ಯ ಹೆಡ್‌ಫೋನಿನದು ೩೨ ಓಮ್ ಇದ್ದೀತು. ಒಂದೇ ಒಂದು ವೋಲ್ಟನ್ನು ಎರಡಕ್ಕೂ ಕೊಟ್ಟರೆ, ೩೨ ಓಮಿನದು ಸುಮಾರು ೩೧ ಮಿಲಿವ್ಯಾಟ್ ಶಕ್ತಿಯನ್ನು ಹೀರಿಕೊಳ್ಳುತ್ತದೆ. ೩೦೦ ಓಮಿನದು ಮೂರು ಚಿಲ್ಲರೆ ಮಿಲಿವ್ಯಾಟಿಗೇ ನಿಂತುಬಿಡುತ್ತದೆ. ಕಿರಿದಾದ ಕೊಳಾಯಿಯಲ್ಲಿ ನೀರು ಹರಿಯಬೇಕಾದರೆ ತೊಟ್ಟಿ ಎತ್ತರದಲ್ಲಿರಬೇಕು. ಈ ಎತ್ತರವನ್ನು, ಎಂದರೆ ವೋಲ್ಟನ್ನು, ಒದಗಿಸುವುದು ಆಂಪ್ಲಿಫಯರಿನ ಮೊದಲ ಕೆಲಸ. ಅಂಗಡಿಯವನ ಮಾತು ಇಷ್ಟರ ಮಟ್ಟಿಗೆ ಸತ್ಯ.

ಎರಡನೆಯ ಕೆಲಸ ಇದಕ್ಕಿಂತ ಸೂಕ್ಷ್ಮವಾದುದು. ಆಂಪ್ಲಿಫಯರಿಗೆ ಕೂಡ ಹೊರಬಾಗಿಲಲ್ಲಿ ತನ್ನದೇ ಒಂದು ತಡೆ ಇರುತ್ತದೆ. ಹಳೆಯ ದೊಡ್ಡ ಯಂತ್ರಗಳಲ್ಲಿ ಹೆಡ್‌ಫೋನಿನ ರಂಧ್ರವೆಂಬುದು ಕೊನೆಯ ಗಳಿಗೆಯಲ್ಲಿ ನೆನಪಾದ ನೆಂಟನಂತೆ. ಸ್ಪೀಕರಿಗೆ ಹೋಗುವ ವಿದ್ಯುತ್ತನ್ನೇ ನೂರಾರು ಓಮಿನ ತಡೆಯ ಮೂಲಕ ಅದಕ್ಕೂ ಒಂದಿಷ್ಟು ಹರಿಸಿ ಕೈತೊಳೆದುಕೊಳ್ಳುತ್ತಿದ್ದರು. ಇದರಿಂದ ಆಗುವ ತೊಂದರೆಯೇನೆಂದರೆ, ಹೆಡ್‌ಫೋನಿನ ತಡೆ ಎಲ್ಲ ಸ್ವರಗಳಿಗೂ ಒಂದೇ ಸಮನಾಗಿರುವುದಿಲ್ಲ. ಎಚ್‌ಡಿ ೬೦೦ ಹೆಸರಿಗೆ ೩೦೦ ಓಮ್. ಸೆಕೆಂಡಿಗೆ ನೂರು ಕಂಪನದ ಆಸುಪಾಸಿನ ಮಂದ್ರಸ್ವರಗಳಲ್ಲಿ ಅದು ಐನೂರನ್ನೂ ಮೀರುತ್ತದೆ. ಆಂಪ್ಲಿಫಯರಿನ ತಡೆ ೧೨೦ ಓಮ್ ಇದ್ದರೆ ಆ ಸ್ವರಗಳು ಸುಮಾರು ಒಂದು ಡೆಸಿಬೆಲ್ಲಿನಷ್ಟು ಉಬ್ಬುತ್ತವೆ. ಕೆಲವರಿಗೆ ಅದು ಇಂಪೆನಿಸಬಹುದು. ಆದರೆ ಅದು ರೆಕಾರ್ಡಿನಲ್ಲಿರುವ ಹಾಡಲ್ಲ. ೩೨ ಓಮಿನ ಹೆಡ್‌ಫೋನುಗಳಲ್ಲಿಯಂತೂ ಈ ಉಬ್ಬರವಿಳಿತ ಇನ್ನೂ ಹೆಚ್ಚಾಗಬಹುದು.

ಅಂಗಡಿಯ ಬೆಲೆ ತೆರಲಾರದವರು ತಾವೇ ಬೆಸುಗೆಕಡ್ಡಿ ಹಿಡಿದರು. ೧೯೯೮ರಲ್ಲಿ ಚು ಮೊಯ್ ಎಂಬವರು ಜೇಬಿನಲ್ಲಿಡಬಹುದಾದ ಒಂದು ಆಂಪ್ಲಿಫಯರಿನ ನಕ್ಷೆಯನ್ನು ಪ್ರಕಟಿಸಿದರು. ಒಂದು ಚಿಪ್ಪು, ಕೆಲವು ಬಿಡಿಭಾಗಗಳು, ಒಂಬತ್ತು ವೋಲ್ಟಿನ ಒಂದು ಬ್ಯಾಟರಿ, ಇಷ್ಟೇ ಅದರ ಬಂಡವಾಳ. ಅಂಗೈಯಗಲದ ಪೆಪ್ಪರಮಿಂಟಿನ ತಗಡಿನ ಡಬ್ಬಿಯಲ್ಲಿ ಅದು ಸರಿಯಾಗಿ ಕೂರುತ್ತಿತ್ತಾದ್ದರಿಂದ ಲೋಕದ ನಾನಾ ಕಡೆ ಹುಡುಗರು ಪೆಪ್ಪರಮಿಂಟು ತಿಂದು ಡಬ್ಬಿ ಕೂಡಿಟ್ಟರು. ಅದೊಂದು ಮುಗ್ಧಕಾಲ.

ಆಮೇಲೆ ಪೇಟೆ ಬೆಳೆಯಿತು. ಸಾವಿರ ಡಾಲರಿನ, ಎರಡು ಸಾವಿರ ಡಾಲರಿನ ಪೆಟ್ಟಿಗೆಗಳು ಬಂದವು. ಅವುಗಳ ಜೊತೆಗೆ ಒಂದು ಭಾಷೆಯೂ ಬಂತು. ಈ ಯಂತ್ರದ ದನಿ ಬೆಚ್ಚಗಿದೆ, ಅದರದು ತಂಪು. ಇದರಲ್ಲಿ ವೇದಿಕೆ ಅಗಲ, ಅದರಲ್ಲಿ ಆಳ. ಇದನ್ನು ಹಾಕಿದೊಡನೆ ಪರದೆ ಸರಿದಂತಾಯಿತು—ಹೀಗೆ. ನಮ್ಮ ಅಲಂಕಾರಿಕರು ಕೂಡ ಇಷ್ಟು ಸೂಕ್ಷ್ಮ ಭೇದಗಳನ್ನು ಎಣಿಸಿರಲಾರರು. ವರ್ಣಿಸಿದವರೆಲ್ಲ ಸುಳ್ಳರೆಂದಲ್ಲ, ಹೆಚ್ಚಿನವರು ಪ್ರಾಮಾಣಿಕರೇ. ಎರಡು ಸಾವಿರ ಡಾಲರು ಕೊಟ್ಟ ಕಿವಿಗೆ ಎರಡು ಸಾವಿರ ಡಾಲರಿನ ನಾದ ಕೇಳಿಸದೆ ಹೋದರೆ ಆಶ್ಚರ್ಯ!

ಇಂಥ ಹೊತ್ತಿನಲ್ಲಿ, ೨೦೧೧ರಲ್ಲಿ, ಆ ಅನಾಮಧೇಯ ಎಂಜಿನಿಯರ್ ಕಾಣಿಸಿಕೊಂಡ. ‘ಎನ್‌ಡಬ್ಲ್ಯು-ಏವಿ-ಗೈ’ ಎಂಬ ವಿಚಿತ್ರ ಅಂಕಿತದಲ್ಲಿ ಬರೆಯುತ್ತಿದ್ದ. ನಿಜನಾಮ, ಊರು, ಉದ್ಯೋಗ ಯಾವುದನ್ನೂ ಹೇಳಲಿಲ್ಲ. ಅವನ ಕೈಯಲ್ಲಿ ಬೆಲೆಬಾಳುವ ಅಳತೆಯ ಉಪಕರಣವಿತ್ತು, ಮನಸ್ಸಿನಲ್ಲಿ ಹಟವಿತ್ತು. ಪೇಟೆಯ ಆಂಪ್ಲಿಫಯರುಗಳನ್ನು ಒಂದೊಂದಾಗಿ ಅಳೆದು, ಹೊರಬಾಗಿಲ ತಡೆ ಎಷ್ಟು, ವಿಕೃತಿ ಎಷ್ಟು, ಗುಜುಗುಜು ಎಷ್ಟು ಎಂದು ಪ್ರಕಟಿಸುತ್ತ ಹೋದ. ಹೊಗಳಿಕೆ ಪಡೆದಿದ್ದ ಕೆಲವು ಯಂತ್ರಗಳು ಈ ಪರೀಕ್ಷೆಯಲ್ಲಿ ತಲೆತಗ್ಗಿಸಿದವು. ಆಂಪ್ಲಿಫಯರಿನ ತಡೆ ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಭಾಗವನ್ನು ಮೀರಬಾರದೆಂಬ ಸೂತ್ರವನ್ನು ಜನಸಾಮಾನ್ಯರ ಬಾಯಲ್ಲಿ ನಿಲ್ಲಿಸಿದವನು ಅವನೇ. ೩೨ ಓಮಿಗೆ ನಾಲ್ಕು ಓಮ್, ಲೆಕ್ಕ ಸುಲಭ.

“ಟೀಕಿಸುವುದು ಸುಲಭ, ಮಾಡಿ ತೋರಿಸು” ಎಂಬ ಮಾತು ಇಂಥವರಿಗೆ ಕೇಳದೆ ಹೋಗುವುದಿಲ್ಲ. ಅದೇ ವರ್ಷ ಅವನು ಮಾಡಿ ತೋರಿಸಿದ. ‘ಓ-ಟೂ’ ಎಂದು ಹೆಸರಿಟ್ಟ ಆ ಆಂಪ್ಲಿಫಯರು ಎರಡು ಒಂಬತ್ತು ವೋಲ್ಟಿನ ಬ್ಯಾಟರಿಗಳಿಂದಲೂ ನಡೆಯುತ್ತಿತ್ತು. ಅದರ ಹೊರಬಾಗಿಲ ತಡೆ ಅರ್ಧ ಓಮಿನಷ್ಟು. ಬಿಡಿಭಾಗಗಳ ಖರ್ಚು ಸುಮಾರು ೩೦ ಡಾಲರು. ಅದರಲ್ಲಿ ಅಪರೂಪದ ಭಾಗ ಒಂದೂ ಇರಲಿಲ್ಲ. ಎಲ್ಲವೂ ಸಾಮಾನ್ಯ ಅಂಗಡಿಯ ಸರಕು. ಅದನ್ನು ಅವನು ಸುಮಾರು ೧,೬೦೦ ಡಾಲರು ಬೆಲೆಯ, ಸ್ಟುಡಿಯೋಗಳಲ್ಲಿ ಹೆಸರಾದ ಬೆಂಚ್‌ಮಾರ್ಕ್ ಯಂತ್ರದ ಹೆಡ್‌ಫೋನು ಭಾಗದ ಪಕ್ಕದಲ್ಲಿಟ್ಟ. ಯಾವುದು ಯಾವ ಯಂತ್ರವೆಂದು ತಿಳಿಸದೆ, ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿಸಿದರೆ ಭೇದ ಗೊತ್ತಾಗುವುದಿಲ್ಲವೆಂದು ಸಾರಿದ. ಬೆಂಚ್‌ಮಾರ್ಕ್ ಪೆಟ್ಟಿಗೆಯಲ್ಲಿ ಬೇರೆ ಕೆಲಸದ ಭಾಗಗಳೂ ಇದ್ದವೆನ್ನುವುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೂ ಕೇಳುವವನಿಗೆ ತಲುಪುವ ನಾದದ ಮಟ್ಟಿಗೆ ಸವಾಲು ಸವಾಲೇ.

ಈ ನಕ್ಷೆಯನ್ನು ಅವನು ಒಂದು ಕಾಸೂ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟ. ಯಾರು ಬೇಕಾದರೂ ಮಾಡಬಹುದು, ಮಾರಬಹುದು. ಕರಾರು ಒಂದೇ—ನಕ್ಷೆಯನ್ನು ಬದಲಾಯಿಸಿ ಹಂಚಕೂಡದು. ಚಿಕ್ಕಪುಟ್ಟ ತಯಾರಕರು ಅದನ್ನು ಮಾಡಿ ಮಾರಿದರು. ಶತ್ರುಗಳು ಬೆಳೆದರು. ಅಂಕಿಸಂಖ್ಯೆಗಳಿಂದ ಸಂಗೀತ ಅಳೆಯುವ ಅರಸಿಕನೆಂದರು. ಮುಖ ಮರೆಸಿಕೊಂಡು ಪರರ ವ್ಯಾಪಾರ ಕೆಡಿಸುವವನೆಂದರು. ಎರಡನೆಯ ಆಕ್ಷೇಪದಲ್ಲಿ ಒಂದಿಷ್ಟು ಹುರುಳಿದೆ. ಹೆಸರಿರುವವನ ತಪ್ಪನ್ನು ಹೆಸರಿಲ್ಲದವನು ಬಯಲಿಗೆಳೆಯುವುದು ಸಮಯುದ್ಧವಲ್ಲ. ಆದರೆ ಅವನ ಅಳತೆಗಳನ್ನು ಯಾರು ಬೇಕಾದರೂ ಮತ್ತೆ ಅಳೆದು ನೋಡಬಹುದಾಗಿತ್ತು. ಅಲ್ಲಿ ಹೆಸರಿನ ಅಗತ್ಯ ಬೀಳುವುದಿಲ್ಲ.

ಹಾಗಾದರೆ ಭೇದವೆಂಬುದೇ ಇಲ್ಲವೆ? ಇದೆ, ಅದು ಇರುವುದು ಹೆಡ್‌ಫೋನುಗಳಲ್ಲಿ. ಎರಡು ನೆಟ್ಟಗಿನ ಆಂಪ್ಲಿಫಯರುಗಳ ಅಂತರ ಕೂದಲೆಳೆಯಷ್ಟಾದರೆ, ಎರಡು ಹೆಡ್‌ಫೋನುಗಳ ಅಂತರ ಕಿವುಡನಿಗೂ ಕೇಳಿಸೀತು. ತೆಳುಪೊರೆ, ದಿಂಬಿನ ಬಟ್ಟೆ, ಕೇಳುವವನ ಕಿವಿಯ ಆಕಾರ ಎಲ್ಲವೂ ನಾದವನ್ನು ತಿದ್ದುತ್ತವೆ. ಇಲ್ಲಿಯಾದರೂ ಬೆಲೆ ದಾರಿ ತೋರುವುದೇ ಎಂದರೆ, ಅದೂ ಇಲ್ಲ. ೨೦೧೭ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ವಿಜ್ಞಾನಿ ೨೮೩ ಹೆಡ್‌ಫೋನುಗಳ ಅಳತೆಗಳನ್ನು ಅವುಗಳ ಬೆಲೆಯೊಡನೆ ಹೋಲಿಸಿ ನೋಡಿದಾಗ, ಸ್ವರಸಮತೆಗೂ ಬೆಲೆಗೂ ಸಂಬಂಧ ಕಾಣಲಿಲ್ಲ. ೧೯೮೪ರಲ್ಲಿ ಕಾಸ್ ಕಂಪನಿ ತಂದ ಪೋರ್ಟಾ ಪ್ರೊ ಎಂಬ ಅಗ್ಗದ, ನೋಡಲು ಆಟಿಕೆಯಂತಿರುವ ಹೆಡ್‌ಫೋನನ್ನು ಇಂದಿಗೂ ಮೆಚ್ಚಿ ಕೊಳ್ಳುವವರಿದ್ದಾರೆ. ಅದಕ್ಕೆ ಆಂಪ್ಲಿಫಯರಿನ ಹಂಗೂ ಇಲ್ಲ. ೨೦೧೬ರಲ್ಲಿ ಆಪಲ್ ಕಂಪನಿ ತನ್ನ ಫೋನಿನ ರಂಧ್ರವನ್ನೇ ಮುಚ್ಚಿ, ಬದಲಿಗೆ ಮಾರಿದ ೯ ಡಾಲರಿನ ಬಾಲದಂಥ ಕೊಂಡಿಯನ್ನು ಅಳೆದವರು, ಅದರ ದನಿಯ ನೈರ್ಮಲ್ಯಕ್ಕೆ ಬೆರಗಾದರು. ಗಾಜಿನ ವಾಲ್ವುಗಳ ಆಂಪ್ಲಿಫಯರನ್ನು ಮೇಜಿನ ಮೇಲಿಟ್ಟು, ಅದರ ಕೆಂಪು ಬೆಳಕಿನಲ್ಲಿ ಕೇಳುವವರನ್ನು ಹಂಗಿಸಬೇಕಾಗಿಲ್ಲ. ಬೆಳ್ಳಿಲೋಟದ ಕಾಫಿಗೂ ಸ್ಟೀಲುಲೋಟದ ಕಾಫಿಗೂ ರುಚಿ ಒಂದೇ ಎಂದು ವಾದಿಸುವವನು ಮನೆಗೆ ಬಂದ ಅತಿಥಿಗೆ ಬೆಳ್ಳಿಲೋಟದಲ್ಲಿಯೇ ಕೊಡುತ್ತಾನೆ. ಸಾಲಮಾಡಿ ಬೆಳ್ಳಿಲೋಟ ಕೊಳ್ಳಬೇಡ ಎಂದರೆ ಸಾಕು.

ಒಂದು ಅಪಾಯವನ್ನು ಮಾತ್ರ ಹೇಳದೆ ಇರುವಂತಿಲ್ಲ. ಕಳಪೆ ಯಂತ್ರದ ದನಿ ಏರಿಸಿದರೆ ಅದು ಕರ್ಕಶವಾಗಿ ತಾನೇ ಎಚ್ಚರಿಸುತ್ತದೆ. ಒಳ್ಳೆಯ ಆಂಪ್ಲಿಫಯರು ಎಚ್ಚರಿಸುವುದಿಲ್ಲ. ಎಷ್ಟೇರಿಸಿದರೂ ಇಂಪಾಗಿಯೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಗೊತ್ತುಮಾಡಿದ ಮಿತಿಯಂತೆ, ವಯಸ್ಕರು ೮೦ ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ ೪೦ ಗಂಟೆ ಕೇಳಬಹುದು. ಮಕ್ಕಳಿಗಾದರೆ ೭೫ ಡೆಸಿಬೆಲ್. ಪ್ರತಿ ಮೂರು ಡೆಸಿಬೆಲ್ಲಿಗೆ ಈ ಕಾಲ ಅರ್ಧವಾಗುತ್ತ ಹೋಗುತ್ತದೆ. ೯೦ ಮುಟ್ಟಿದರೆ ವಾರಕ್ಕೆಲ್ಲ ನಾಲ್ಕೇ ಗಂಟೆ. ಒಳಗಿವಿಯಲ್ಲಿರುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಅವು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಮನೆಯಲ್ಲಿ ಕಾಲೇಜಿನ ಮಗನಿಗೋ ಮಗಳಿಗೋ ಹೆಡ್‌ಫೋನು ತಂದುಕೊಡುವ ತಂದೆತಾಯಿಯರು, ಅದನ್ನು ಹಾಕಿಕೊಂಡಾಗಲೂ ಎದುರಿಗೆ ನಿಂತವರು ಸಹಜ ದನಿಯಲ್ಲಿ ಕರೆದರೆ ಓಗೊಡುವರೋ ಎಂದು ಆಗಾಗ ಪರೀಕ್ಷಿಸುವುದು ಮೇಲು. ಹಿಂಬದಿ ತೆರೆದ ಹೆಡ್‌ಫೋನಿನಲ್ಲಿ ಈ ಪರೀಕ್ಷೆ ಸುಲಭ.

ಇನ್ನು ಆ ಹೆಸರಿಲ್ಲದವನ ಸಂಗತಿ. ೨೦೧೨ರ ಹೊತ್ತಿಗೆ ಅವನ ಕೀರ್ತಿ ಶಿಖರಕ್ಕೇರಿತ್ತು. ಓ-ಟೂವಿಗೆ ಜೊತೆಯಾಗಿ ಗಣಕದ ಅಂಕೆಗಳನ್ನು ನಾದವಾಗಿಸುವ ಇನ್ನೊಂದು ಪುಟ್ಟ ಫಲಕವನ್ನೂ ಹೊರತಂದಿದ್ದ. ಮೇಜಿನ ಮೇಲಿಡುವಂಥ ದೊಡ್ಡ ಆಂಪ್ಲಿಫಯರೊಂದು ಸಿದ್ಧವಾಗುತ್ತಿದೆಯೆಂದು ಮಾತುಕೊಟ್ಟಿದ್ದ. ಜನ ಹಣ ಹಿಡಿದು ಕಾದಿದ್ದರು. ಆ ವರ್ಷದ ಮೇ ತಿಂಗಳಿನಲ್ಲಿ ಅವನ ಬರಹ ನಿಂತಿತು. ಕಾಯಿಲೆಯೋ, ಸಾವೋ, ಯಾವುದಾದರೂ ಕಂಪನಿಯ ನೌಕರಿಯೋ ಎಂದು ಜನ ನಾನಾ ಬಗೆಯಾಗಿ ಊಹಿಸಿದರು. ಅವನೊಡನೆ ಕೆಲಸ ಮಾಡಿದ್ದ ತಯಾರಕರ ಪತ್ರಗಳಿಗೂ ಉತ್ತರ ಬರಲಿಲ್ಲ. ಮೇಜಿನ ಆಂಪ್ಲಿಫಯರು ಹೊರಬರಲೇ ಇಲ್ಲ. ನಕ್ಷೆಯನ್ನು ಬದಲಾಯಿಸಿ ಹಂಚಕೂಡದೆಂಬ ಕರಾರು ಹಾಗೆಯೇ ಉಳಿಯಿತಾಗಿ, ವಾಲ್ಯೂಮ್ ಗುಂಡಿಯ ಜಾಗವನ್ನೋ ತಂತಿ ಸಿಕ್ಕಿಸುವ ರಂಧ್ರವನ್ನೋ ಒಂದಿಷ್ಟು ಆಚೀಚೆ ಮಾಡಬಯಸಿದವರಿಗೂ ಅನುಮತಿ ಕೇಳಲು ಯಾರೂ ಇಲ್ಲದಂತಾಯಿತು.